ಲೇಸರ್ ಮಾರ್ಕಿಂಗ್ ಮಷೀನಿಗೆ ಡಬ್ಬ: ಆಪರೇಟರ್ ಬೈಪಾಸ್ ಮಾಡದ ಹಾಗೆ ಕಟ್ಟುವುದು

ನಮ್ಮ ಶೆಡ್ಡು ಬಳ್ಳಾರಿಯ ಮುಂಡರಗಿ ಕೈಗಾರಿಕಾ ಪ್ರದೇಶದಲ್ಲಿದೆ. ಕೆಲಸ ಶೀಟ್ ಮೆಟಲ್. ಪ್ಯಾನೆಲ್ ಬೋರ್ಡು, ಡಕ್ಟು, ಮಷೀನ್ ಕವರು ಇಂಥವು. ಈಚೆಗೆ ಲೇಸರ್ ಮಾರ್ಕಿಂಗ್ ಮಷೀನಿಗೆ, ಅಂದರೆ ಲೇಸರ್ ಬೆಳಕಿನಿಂದ ಲೋಹದ ಮೇಲೆ ಅಕ್ಷರ ಹೊಡೆಯುವ ಮಷೀನಿಗೆ, ಸುತ್ತ ಮುಚ್ಚುವ ಡಬ್ಬ ಮಾಡಿಸಲು ಬರುವವರು ಜಾಸ್ತಿಯಾಗಿದ್ದಾರೆ. ಜೀನ್ಸ್ ಹೊಲಿಯುವವರು ಲೋಹದ ಗುಂಡಿ, ರಿವೆಟ್ಟಿನ ಮೇಲೆ ಹೆಸರು ಹೊಡೆಸುತ್ತಾರೆ. ತೋರಣಗಲ್ಲು ಕಡೆಯ ಜಾಬ್‌ವರ್ಕಿನವರು ವಾಲ್ವ್ ಟ್ಯಾಗು, ನೇಮ್‌ಪ್ಲೇಟು ಹೊಡೆಯುತ್ತಾರೆ. ಇವರಲ್ಲಿ ಹೆಚ್ಚಿನವರ ಬಳಿ ಇರುವುದು 20 ಅಥವಾ 30 ವ್ಯಾಟ್‌ನ ಫೈಬರ್ ಮಷೀನು. ಮೇಜಿನ ಮೇಲೊಂದು ಕಂಬ, ಕಂಬಕ್ಕೊಂದು ಲೇಸರ್ ಹೊರಬೀಳುವ ತಲೆ, ಸುತ್ತ ಏನೂ ಇಲ್ಲ. ಜೊತೆಗೆ ಬಂದ ಹಸಿರು ಕನ್ನಡಕ ಡ್ರಾಯರಿನಲ್ಲಿರುತ್ತದೆ.

ಡಬ್ಬ ಯಾಕೆ ಬೇಕು ಅಂತ ಸಾವ್ಕಾರ್ರು ಕೇಳಿದರೆ ನಾನು ಒಂದು ಲೆಕ್ಕ ಹೇಳುತ್ತೇನೆ. ಫೈಬರ್ ಲೇಸರ್ ಬೆಳಕು 1064 ನ್ಯಾನೋಮೀಟರ್, ಕಣ್ಣಿಗೆ ಕಾಣುವುದಿಲ್ಲ. ಹೊಡೆಯುವಾಗ ಕಾಣುವ ಬಿಳಿ ಕಿಡಿ ಲೋಹ ಆವಿಯಾಗುವಾಗ ಬರುವ ಬೆಳಕು ಅಷ್ಟೇ. ಲೇಸರ್ ಕಾಣದಿದ್ದರೂ ಕಣ್ಣೊಳಗೆ ಸಲೀಸಾಗಿ ಹೋಗುತ್ತದೆ. ಕಣ್ಣಿನ ಮಸೂರ ಅದನ್ನು ಒಂದು ಚುಕ್ಕಿಗೆ ಕೂಡಿಸಿ ರೆಟಿನಾದ ಮೇಲೆ ಬಿಡುತ್ತದೆ. ಇನ್ನು, ಮಾಮೂಲಿ ಗಾಜಿನ ಒಂದು ಮೈ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 4ರಷ್ಟನ್ನು ವಾಪಸ್ ಎಸೆಯುತ್ತದೆ. 20 ವ್ಯಾಟ್‌ಗೆ ಅದು 0.8 ವ್ಯಾಟ್ ಆಯಿತು. ಲೇಸರ್‌ಗಳಲ್ಲಿ ಎಲ್ಲಕ್ಕಿಂತ ಅಪಾಯದ್ದು 4ನೇ ಕ್ಲಾಸು. ಅದು ಅರ್ಧ ವ್ಯಾಟ್ ದಾಟಿದರೆ ಶುರು. ಗಾಜಿನದೇ ಈ ಕಥೆ. ಪಾಲಿಶ್ ಮಾಡಿದ ಹಿತ್ತಾಳೆ, ಸ್ಟೇನ್‌ಲೆಸ್ ಸ್ಟೀಲ್ ಎಷ್ಟು ಎಸೆಯಬಹುದು, ನೀವೇ ಲೆಕ್ಕ ಹಾಕಿ. ರೆಪ್ಪೆ ಮುಚ್ಚಿಕೊಳ್ಳಲು ಕಾಲು ಸೆಕೆಂಡ್ ಬೇಕು. ಕಾಣದ ಬೆಳಕಿಗೆ ಅದು ಮುಚ್ಚುವುದೂ ಇಲ್ಲ. ಸುಟ್ಟ ರೆಟಿನಾ ಮತ್ತೆ ಬೆಳೆಯುವುದಿಲ್ಲ.

ಇಷ್ಟು ಹೇಳಿದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಕಷ್ಟದ ಭಾಗ ಆಮೇಲೆ ಬರುತ್ತದೆ. ಡಬ್ಬ ಕಟ್ಟುವುದು ಯಾವ ಫ್ಯಾಬ್ರಿಕೇಶನ್ ಅಂಗಡಿಗೂ ದೊಡ್ಡ ಕೆಲಸವಲ್ಲ. ಆದರೆ ಡಬ್ಬ ಕೆಡುವುದು ಪೀಸ್ ರೇಟಿನಿಂದ. ಒಂದು ಘಟಕದಲ್ಲಿ ಬೇರೆ ಯಾರೋ ಮಾಡಿಕೊಟ್ಟ ಡಬ್ಬ ನೋಡಲು ಹೋಗಿದ್ದೆ. ಬಾಗಿಲು ತೆರೆದರೆ ಮಷೀನ್ ನಿಲ್ಲಿಸುವ ಸ್ವಿಚ್ಚಿಗೆ ಹಳೇ ಸ್ಪೀಕರಿನ ಅಯಸ್ಕಾಂತ ಟೇಪ್ ಹಾಕಿ ಅಂಟಿಸಿದ್ದರು. ಬಾಗಿಲು ಹಾರುಹೊಡೆದಿತ್ತು, ಲೇಸರ್ ಓಡುತ್ತಿತ್ತು. ಯಾಕಪ್ಪಾ ಅಂದೆ.

“ಬಾಗ್ಲು ತೆಗೆದ್ರೆ ಕೆಂಪು ಲೈಟೂ ಹೋಗ್ತದಣ್ಣ. ಮತ್ತೆ ಆನ್ ಆಗೋ ತನ ಸುಮ್ನೆ ಕೂತಿರ್ಬೇಕು. ಸಾವ್ಕಾರ್ರು ಎಣಿಸೋದು ಗುಂಡಿ, ಬಾಗ್ಲಲ್ಲ” ಅಂದ ಹುಡುಗ.

ಕೆಂಪು ಲೈಟು ಅಂದರೆ ಮಾಲು ಸರಿ ಕೂರಿಸಲು ನೋಡುವ ಕೆಂಪು ಚುಕ್ಕಿ. ಅವನ ಮಾತು ಸರಿಯಾಗೇ ಇತ್ತು. ಹಾಗಾಗಿ ನಾನು ಅಳತೆ ಟೇಪು ಹಿಡಿಯುವ ಮೊದಲು ಮಷೀನ್ ಮುಂದೆ ಕೂರುವವರ ಪಕ್ಕ ಸ್ವಲ್ಪ ಹೊತ್ತು ಕೂರುತ್ತೇನೆ. ಯಾವ ಕೈಯಲ್ಲಿ ಮಾಲು ಇಡುತ್ತಾರೆ, ಕಾಲು ಪೆಡಲ್ ಎಲ್ಲಿದೆ, ಎಷ್ಟು ಸಲ ಬಗ್ಗಿ ನೋಡುತ್ತಾರೆ, ಇವನ್ನೆಲ್ಲ ನೋಡಿಕೊಂಡ ಮೇಲೆ ಡ್ರಾಯಿಂಗ್.

ಅಳತೆ ಮತ್ತು ತಗಡು

110 ಮಿಲಿಮೀಟರ್ ಚೌಕ ಹೊಡೆಯುವ ಲೆನ್ಸಿಗೆ ಫೋಕಲ್ ಉದ್ದ ಸಾಮಾನ್ಯವಾಗಿ 160 ಮಿಲಿಮೀಟರ್. 175 ಚೌಕದ್ದಕ್ಕೆ 254. ಮುಂದೆ ಲೆನ್ಸ್ ಬದಲಿಸುವ ಯೋಚನೆ ಇದ್ದರೆ ಈಗಲೇ ಹೇಳಿಸಿಕೊಳ್ಳಿ, ಡಬ್ಬದ ಎತ್ತರ ಅದರ ಮೇಲೆ ನಿಂತಿದೆ. ತಲೆ ಮೇಲೆ ಕೆಳಗೆ ಓಡಾಡುವ ಪೂರ್ತಿ ದೂರ ಡಬ್ಬದೊಳಗೇ ಇರಬೇಕು. ಕೆಲವರು ತಲೆ ಹೊರಗಿಟ್ಟು, ಚಾವಣಿಗೆ ತೂತು ಮಾಡಿ, ಸುತ್ತ ಬಟ್ಟೆಯ ಮಡಿಕೆ ಕಟ್ಟುತ್ತಾರೆ. ಬಟ್ಟೆ ಕಪ್ಪಗಿದ್ದ ಮಾತ್ರಕ್ಕೆ 1064 ನಿಲ್ಲುವುದಿಲ್ಲ, ನಾನು ಆ ಥರ ಮಾಡುವುದಿಲ್ಲ. ಎರಡು ಪಕ್ಕಕ್ಕೂ ಕನಿಷ್ಠ 100 ಮಿಲಿಮೀಟರ್ ಕೈ ಆಡುವ ಜಾಗ ಬಿಡಿ. ಇಕ್ಕಟ್ಟಾದರೆ ಬಾಗಿಲು ಕಳಚಿ ಗೋಡೆಗೆ ಒರಗಿಸುತ್ತಾರೆ, ನೋಡಿದ್ದೇನೆ.

ತಗಡಿಗೆ 1.5 ಅಥವಾ 2 ಮಿಲಿಮೀಟರ್ ಸಿಆರ್ (ಕೋಲ್ಡ್ ರೋಲ್ಡ್ ಸ್ಟೀಲ್) ಶೀಟ್ ಸಾಕು. ಲೇಸರ್ ಬಿರುಸಾಗಿರುವುದು ಫೋಕಸ್‌ ಜಾಗದಲ್ಲಿ, ಅದನ್ನು ದಾಟಿದ ಮೇಲೆ ಹರಡುತ್ತಾ ಹೋಗುತ್ತದೆ. ಗೋಡೆ ಮಾಲಿನಿಂದ ದೂರ ಇದ್ದಷ್ಟೂ ಒಳ್ಳೆಯದು. ಕೆಳಗಿನ ಬೆಡ್ ಮಾತ್ರ ದಪ್ಪ ಇರಲಿ, 8 ಮಿಲಿಮೀಟರ್ ಹಾಕಿ. ಮಾಲು ಇಡಲು ಮರೆತು ಪೆಡಲ್ ಒತ್ತಿದರೆ ಪೂರ್ತಿ ಹೊಡೆತ ಬೀಳುವುದು ಅದರ ಮೇಲೇ.

ಒಳಗೆಲ್ಲ ಮ್ಯಾಟ್ ಕಪ್ಪು ಪೌಡರ್ ಕೋಟಿಂಗ್. ಹೊಳಪಿನದು ಬೇಡವೇ ಬೇಡ. ಅಲ್ಯೂಮಿನಿಯಂ ಪ್ರೊಫೈಲಿಗೆ ಕಪ್ಪು ಆನೋಡೈಸಿಂಗ್ ಮಾಡಿಸಿದ್ದೀವಿ ಅಂತ ಕೆಲವರು ಹೆಮ್ಮೆಯಿಂದ ತೋರಿಸುತ್ತಾರೆ. ನಮ್ಮ ಕಣ್ಣಿಗೆ ಅದು ಕಪ್ಪು. ಆ ಬಣ್ಣದಲ್ಲಿ ಎಷ್ಟೋ 1064ರಲ್ಲಿ ಬೆಳಕನ್ನು ಚೆನ್ನಾಗೇ ವಾಪಸ್ ಎಸೆಯುತ್ತವೆ.

ಗೋಡೆ ತಡೆಯುತ್ತದೋ ಇಲ್ಲವೋ ಅನ್ನುವುದಕ್ಕೆ ಐಇಸಿ 60825-4 ಅನ್ನುವ ಮಾನದಂಡ ಇದೆ. ಜನ ಪಕ್ಕದಲ್ಲಿದ್ದು ನೋಡುತ್ತಲೇ ಇರುವ ಕೆಲಸವಾದರೆ ಗೋಡೆ 10 ಸೆಕೆಂಡ್ ತಡೆಯಬೇಕು. ಆಗಾಗ ಬಂದು ನೋಡುವಂಥದ್ದಾದರೆ 100 ಸೆಕೆಂಡ್. ತಾನಾಗೇ ಓಡುವ ಲೈನ್ ಆದರೆ 30,000 ಸೆಕೆಂಡ್, ಅಂದರೆ ಒಂದು ಪೂರ್ತಿ ಶಿಫ್ಟು. ನಾನು ಅದೇ ತಗಡಿನ ಚೂರನ್ನು ಅದೇ ಬಣ್ಣದ ಸಮೇತ ಗೋಡೆಯಷ್ಟು ದೂರದಲ್ಲಿಟ್ಟು, ಮುಚ್ಚಿದ ಡಬ್ಬದೊಳಗೇ, ಫುಲ್ ಪವರ್‌ನಲ್ಲಿ ಒಂದೇ ಕಡೆ 100 ಸೆಕೆಂಡ್ ಹೊಡೆಸುತ್ತೇನೆ. ಹಿಂಬದಿಯ ಬಣ್ಣ ಗುಳ್ಳೆ ಎದ್ದರೆ ಆ ದಪ್ಪ ಸಾಲದು. ಇದು ಸರ್ಟಿಫಿಕೇಟ್ ಅಲ್ಲ. ರಫ್ತಿನ ಪಾರ್ಟಿ ಕಾಗದ ಕೇಳಿದರೆ ಲ್ಯಾಬಿಗೇ ಹೋಗಬೇಕು.

ಸಂದು

ಬೆಳಕು ನೇರ ಹೋಗುತ್ತದೆ, ಆದ್ದರಿಂದ ಯಾವ ಸಂದೂ ನೇರ ಇರಬಾರದು. ಬಾಗಿಲ ಅಂಚು ಚೌಕಟ್ಟಿನ ಮೇಲೆ 20 ಮಿಲಿಮೀಟರ್ ಹಾಯಬೇಕು, ಟಿಫನ್ ಡಬ್ಬಿ ಮುಚ್ಚಳ ಡಬ್ಬಿಯ ಮೇಲೆ ಕೂರುವ ಹಾಗೆ. ಬರೀ ರಬ್ಬರ್ ಬೀಡಿಂಗ್ ನಂಬಬೇಡಿ. ನಮ್ಮ ಬಿಸಿಲಿಗೆ ಅದು ಸೀಳುತ್ತದೆ. ಮಡಿಚಿದ ತಗಡಿನ ತುಟಿ ಮೊದಲು, ಬೀಡಿಂಗ್ ಅದರ ಮೇಲೆ. ವೈರು ಒಳಗೆ ಬರುವ ಕಡೆ ಎಲ್ ಆಕಾರದ ಚಾನೆಲ್ ಹಾಕಿ. ಎಲ್ಲರೂ ಮರೆಯುವುದು ಡಬ್ಬದ ತಳ. ಟಿ-ಸ್ಲಾಟ್ ಮೇಜಿನಲ್ಲಿ ಬೋಲ್ಟ್ ಕೂರಿಸಲು ಕೊರೆದ ಸಾಲುಗಳು ಪಕ್ಕಕ್ಕೆ ತೆರೆದೇ ಇರುತ್ತವೆ. ಪಕ್ಕದಲ್ಲಿ ಯಾರಾದರೂ ಕುರ್ಚಿ ಹಾಕಿ ಕೂತರೆ ಆ ಸಾಲು ಕಣ್ಣಿನ ಎತ್ತರಕ್ಕೇ ಬರುತ್ತದೆ.

ಪರೀಕ್ಷೆ ಸುಲಭ. ರಾತ್ರಿ ಶೆಡ್ಡಿನ ದೀಪ ಆರಿಸಿ, ಲೇಸರ್ ಪ್ಲಗ್ ಕಿತ್ತು, ಡಬ್ಬದೊಳಗೆ ದೊಡ್ಡ ಟಾರ್ಚ್ ಇಟ್ಟು ಬಾಗಿಲು ಹಾಕಿ. ಸುತ್ತ ತಿರುಗಿ, ಬಗ್ಗಿ, ಮೇಲಿಂದ ಎಲ್ಲಾ ನೋಡಿ. ಗೆರೆಯಷ್ಟು ಬೆಳಕು ಕಂಡರೂ ಚಾಕ್‌ಪೀಸಿನಲ್ಲಿ ಗುರುತು ಹಾಕಿ. ಇಷ್ಟಕ್ಕೇ ನಿಲ್ಲಿಸಬೇಡಿ, ಕಾಣುವ ಬೆಳಕನ್ನು ತಡೆದು ಕಾಣದ್ದನ್ನು ಬಿಡುವ ಪ್ಲಾಸ್ಟಿಕ್ಕು ಬೇಕಾದಷ್ಟಿವೆ. ಅದಕ್ಕೆ ಟಿವಿ ರಿಮೋಟ್ ತಗೊಳ್ಳಿ. ಅದರ ಬೆಳಕು 940 ನ್ಯಾನೋಮೀಟರ್ ಆಸುಪಾಸು, ನಮ್ಮ ಲೇಸರಿಗೆ ಹತ್ತಿರ. ಮೊದಲು ಹೊರಗೆ ರಿಮೋಟ್ ಒತ್ತಿ ಮೊಬೈಲ್ ಕ್ಯಾಮೆರಾದಲ್ಲಿ ನೋಡಿ. ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಸೆಲ್ಫಿ ಕ್ಯಾಮೆರಾ ಹಾಕಿ. ಆಮೇಲೆ ರಿಮೋಟಿನ ಗುಂಡಿ ಒತ್ತಿದಂತೆ ಟೇಪ್ ಸುತ್ತಿ, ಡಬ್ಬಕ್ಕೆ ನೋಡುವ ಕಿಟಕಿ ಇದ್ದರೆ ಅದರ ಕಡೆ ಮುಖ ಮಾಡಿ ಒಳಗಿಡಿ. ಹೊರಗಿನಿಂದ ಮೊಬೈಲಿನಲ್ಲಿ ಮಿಣುಕಿದರೆ ಆ ವಸ್ತು ಕೆಲಸಕ್ಕೆ ಬಾರದು. ಮಿಣುಕದಿದ್ದರೆ ಪಾಸ್ ಅಂತಲ್ಲ, ಮುಂದೆ ಹೋಗಬಹುದು ಅಂತ ಅಷ್ಟೇ. ಲೇಸರ್ ಓಡುವಾಗ ಮಾತ್ರ ಮೊಬೈಲ್ ಹಿಡಿದು ಹುಡುಕಲು ಹೋಗಬೇಡಿ. ಮೊಬೈಲಿನ ಸೆನ್ಸರ್ ಸುಡುತ್ತದೆ, ಹಿಂದೆ ನಿಮ್ಮ ಕಣ್ಣೂ ಇರುತ್ತದೆ.

ಕಿಟಕಿ ಬೇಕಾ

ಹೆಚ್ಚಿನ ಜಗಳ ಇಲ್ಲೇ. ಸಾವ್ಕಾರ್ರಿಗೆ ಒಳಗಿನ ಕಿಡಿ ಕಾಣಬೇಕು. ಕೌಲ್ ಬಜಾರಿನಲ್ಲಿ ಸಿಗುವ ಕಪ್ಪು ಅಕ್ರಿಲಿಕ್ ಹಾಕಿಬಿಡಿ ಅನ್ನುತ್ತಾರೆ. ಅಕ್ರಿಲಿಕ್ ಮೂಲಕ 1064 ಹೆಚ್ಚುಕಡಿಮೆ ಪೂರ್ತಿ ದಾಟಿ ಹೋಗುತ್ತದೆ. ಕಪ್ಪು ಬಣ್ಣ ಹಾಕಿದರೂ ಅದೇ ಕಥೆ ಇರಬಹುದು. ಕಾರಿನ ಸನ್‌ಫಿಲ್ಮು, ವೆಲ್ಡಿಂಗ್ ಗಾಜು ಕೂಡ ಈ ಕೆಲಸಕ್ಕೆ ರೇಟಿಂಗ್ ಇಲ್ಲದವು. ಚರ್ಮದ ಪಟ್ಟಿಗೆ ಬಳಸುವ ಸಿಓಟು (ಕಾರ್ಬನ್ ಡೈಆಕ್ಸೈಡ್) ಲೇಸರಿನ ವಿಷಯ ಬೇರೆ. ಅದು 10,600 ನ್ಯಾನೋಮೀಟರ್, ಅದನ್ನು ಅಕ್ರಿಲಿಕ್ ಹೀರಿಕೊಳ್ಳುತ್ತದೆ. ಅಲ್ಲಿ ನೋಡಿದ ಅಕ್ರಿಲಿಕ್ ಮುಚ್ಚಳವನ್ನು ಇಲ್ಲಿ ನಕಲು ಮಾಡುವುದರಿಂದಲೇ ಎಡವಟ್ಟು. ಸಿಓಟುವಿನ ಪಾರದರ್ಶಕ ಕನ್ನಡಕವೂ ಫೈಬರ್ ಮುಂದೆ ಏನಕ್ಕೂ ಬಾರದು.

ಕಿಟಕಿ ಬೇಕೇ ಬೇಕು ಅಂದರೆ ಲೇಸರ್ ಕಿಟಕಿ ಅಂತಲೇ ಮಾರುವ ಹಾಳೆ ತರಿಸಿ. ಅದರ ಮೇಲೆ ಯಾವ ತರಂಗಾಂತರಕ್ಕೆ ಎಷ್ಟು ಓಡಿ (OD, ಆಪ್ಟಿಕಲ್ ಡೆನ್ಸಿಟಿ, ಬೆಳಕನ್ನು ಎಷ್ಟು ತಡೆಯುತ್ತದೆ ಅನ್ನುವ ಅಳತೆ) ಅಂತ ಅಚ್ಚಾಗಿರಬೇಕು. 1064ಕ್ಕೆ ಓಡಿ 6 ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ದಾಟುತ್ತದೆ. 20 ವ್ಯಾಟ್ ಬಿದ್ದರೆ 20 ಮೈಕ್ರೋವ್ಯಾಟ್. ಅಚ್ಚಿಲ್ಲದ ಹಸಿರು ಪ್ಲಾಸ್ಟಿಕ್ಕಿಗೆ ದುಡ್ಡು ಕೊಡಬೇಡಿ. ಹಾಳೆಯನ್ನು ಚೌಕಟ್ಟಿನ ಒಳಗಿಂದ ಕೂರಿಸಿ, ಸ್ಕ್ರೂ ಹೊರಗೆ ಸಿಗದಂತೆ ಮಾಡಿ. ಗೀಚು ಬಿದ್ದರೆ, ಸುಟ್ಟ ಕಲೆ ಕಂಡರೆ ಬದಲಿಸಿ.

ನನ್ನ ಮಾತು ಕೇಳುವುದಾದರೆ ಕಿಟಕಿಯೇ ಬೇಡ. ಒಳಗೊಂದು ಎಲ್‌ಇಡಿ ಪಟ್ಟಿ, ಮೂಲೆಯಲ್ಲೊಂದು ಅಗ್ಗದ ಯುಎಸ್‌ಬಿ ಕ್ಯಾಮೆರಾ. ಹೇಗೂ ಪಕ್ಕದಲ್ಲಿ ಕಂಪ್ಯೂಟರ್ ಇರುತ್ತದೆ, ಅದರಲ್ಲೇ ಕಾಣುತ್ತದೆ. ಕ್ಯಾಮೆರಾ ಸುಟ್ಟರೆ ಇನ್ನೊಂದು ತರಬಹುದು.

ಬಾಗಿಲು ಮತ್ತು ಇಂಟರ್‌ಲಾಕ್

ಗುಂಡಿ ಕೆಲಸಕ್ಕೆ ಮೇಲೆ ಸರಿಯುವ ಬಾಗಿಲೇ ಒಳ್ಳೆಯದು. ಹಿಂದೆ ತೂಕ ಕಟ್ಟಿ, ಒಂದು ಬೆರಳಲ್ಲಿ ಎತ್ತಿದರೂ ಏಳುವಂತೆ ಮಾಡಿ. ಬಿಟ್ಟ ಕಡೆ ನಿಲ್ಲಬೇಕು, ಕೈ ಮೇಲೆ ಬೀಳಬಾರದು. ಹಿಂಜಿನ ಬಾಗಿಲು ಮುಂದಕ್ಕೆ ತೆರೆದರೆ ಕೂತವರ ಮೊಣಕೈಗೆ ಬಡಿಯುತ್ತದೆ. ಸಂಜೆಯೊಳಗೆ ಅದನ್ನು ತಂತಿ ಹಾಕಿ ಹಿಂದಕ್ಕೆ ಕಟ್ಟಿರುತ್ತಾರೆ. ಇದರ ಜೊತೆಗೆ ಮಾಲು ಇಡುವ ಟ್ರೇ ಮಾಡಿಕೊಡಿ. ಒಂದೊಂದೇ ಗುಂಡಿ ಇಟ್ಟು ಬಾಗಿಲು ಹಾಕು ಅಂದರೆ ಯಾರೂ ಕೇಳುವುದಿಲ್ಲ. 110 ಚೌಕದಲ್ಲಿ 17 ಮಿಲಿಮೀಟರಿನ ಗುಂಡಿ 25 ಆರಾಮವಾಗಿ ಕೂರುತ್ತವೆ. ಎರಡು ಟ್ರೇ ಕೊಟ್ಟರೆ ಒಂದು ಒಳಗೆ ಹೊಡೆಯುತ್ತಿರುವಾಗ ಇನ್ನೊಂದು ಹೊರಗೆ ತುಂಬುತ್ತದೆ. ಅಲ್ಲಿಗೆ ಬಾಗಿಲು ಹಾಕಿ ಕೆಲಸ ಮಾಡುವವನೇ ಜಾಸ್ತಿ ಪೀಸ್ ತೆಗೆಯುತ್ತಾನೆ. ನನ್ನ ಪ್ರಕಾರ ಇಡೀ ಡಬ್ಬದಲ್ಲಿ ಸುರಕ್ಷತೆಗೆ ಹೆಚ್ಚು ಕೆಲಸ ಮಾಡುವ ಭಾಗ ಈ ಟ್ರೇ.

ಈಗ ಇಂಟರ್‌ಲಾಕ್, ಅಂದರೆ ಬಾಗಿಲು ತೆರೆದರೆ ಲೇಸರ್ ನಿಲ್ಲಿಸುವ ಸ್ವಿಚ್ಚು. ಮಾಮೂಲಿ ಮ್ಯಾಗ್ನೆಟ್ ಸ್ವಿಚ್ ಬೇಡ, ಯಾವ ಅಯಸ್ಕಾಂತಕ್ಕೂ ಅದು ಮರುಳಾಗುತ್ತದೆ. ಕೋಡೆಡ್ ಸ್ವಿಚ್ ಸಿಗುತ್ತದೆ, ಅದು ತನ್ನ ಜೋಡಿಗೆ ಮಾತ್ರ ಒಪ್ಪುತ್ತದೆ. ನಾಲಿಗೆ ಥರದ ಕೀ ತೂರುವ ಸ್ವಿಚ್ಚಿನ ಜೊತೆ ಬರುವ ಇನ್ನೊಂದು ಕೀಯನ್ನು ಘಟಕದಲ್ಲಿ ಬಿಟ್ಟು ಬರಬೇಡಿ, ಮರುದಿನ ಅದು ಸ್ವಿಚ್ಚಿನೊಳಗೇ ಇರುತ್ತದೆ. ನಾನು ಸಾಮಾನ್ಯವಾಗಿ ಒಂದು ಕೋಡೆಡ್ ಸ್ವಿಚ್, ಜೊತೆಗೆ ಬಾಗಿಲ ಹಳಿಯ ಹಿಂದೆ ಕೈಗೆ ಸಿಗದ ಕಡೆ ಒಂದು ಪಾಸಿಟಿವ್ ಓಪನಿಂಗ್ ಲಿಮಿಟ್ ಸ್ವಿಚ್ ಹಾಕುತ್ತೇನೆ. ಇದರಲ್ಲಿ ಬಾಗಿಲು ಎದ್ದಾಗ ಸ್ಪ್ರಿಂಗನ್ನು ನಂಬದೆ ಕಾಂಟ್ಯಾಕ್ಟನ್ನು ದಬ್ಬಿ ಬಿಡಿಸುತ್ತದೆ, ಅಂಟಿಕೊಂಡಿದ್ದರೂ ಬಿಡುತ್ತದೆ. ಎರಡೂ ಸೇಫ್ಟಿ ರಿಲೇಗೆ, ಅಂದರೆ ಎರಡು ಸ್ವಿಚ್ಚನ್ನೂ ಗಮನಿಸಿ ಲೇಸರ್ ಕಡಿಯುವ ಸಾಧನಕ್ಕೆ, ಹೋಗಬೇಕು. ಒಂದು ತೆರೆದು ಇನ್ನೊಂದು ತೆರೆಯದಿದ್ದರೆ ರಿಲೇ ಅಲ್ಲೇ ನಿಲ್ಲಿಸಿ, ಸರಿ ಮಾಡುವ ತನಕ ಬಿಡುವುದಿಲ್ಲ.

ರಿಲೇ ಏನನ್ನು ಕಡಿಯಬೇಕು? ಇಲ್ಲಿ ಎರಡು ಬಗೆಯ ತಪ್ಪು ಕಾಣುತ್ತೇನೆ. ಮೊದಲನೆಯದು, ಬಾಗಿಲ ಸ್ವಿಚ್ಚನ್ನು ಮಾರ್ಕಿಂಗ್ ಸಾಫ್ಟ್‌ವೇರಿನ ಇನ್‌ಪುಟ್ಟಿಗೆ ಮಾತ್ರ ಕೊಡುವುದು. ಕಂಪ್ಯೂಟರ್ ಹ್ಯಾಂಗ್ ಆದರೆ ಕಥೆ ಮುಗಿಯಿತು. ಎರಡನೆಯದು, ಬಾಗಿಲು ತೆರೆದ ಕೂಡಲೇ ಮಷೀನಿನ ಕರೆಂಟೇ ಹೋಗುವಂತೆ ಮಾಡುವುದು. ಸ್ಪೀಕರ್ ಅಯಸ್ಕಾಂತ ಬಂದಿದ್ದು ಈ ದಾರಿಯಲ್ಲೇ. ಮಾಲು ಸರಿ ಕೂರಿಸಲು ಕೆಂಪು ಚುಕ್ಕಿ ಬೇಕು, ಅದು ಬಾಗಿಲು ತೆರೆದಾಗಲೇ ಬೇಕು. ಹಾಗಾಗಿ ಕಂಪ್ಯೂಟರ್, ಗ್ಯಾಲ್ವೋ (ಲೇಸರನ್ನು ತಿರುಗಿಸುವ ಕನ್ನಡಿಗಳು), ಕೆಂಪು ಚುಕ್ಕಿ ಬದುಕಿರಲಿ. ಲೇಸರ್ ಹೊರಬರುವುದು ಮಾತ್ರ ನಿಲ್ಲಲಿ. ಲೇಸರ್ ಸೋರ್ಸಿಗೆ, ಅಂದರೆ ಲೇಸರ್ ಹುಟ್ಟಿಸುವ ಪೆಟ್ಟಿಗೆಗೆ, ಎಮರ್ಜೆನ್ಸಿ ಸ್ಟಾಪಿನ ಪಿನ್ ಇರುತ್ತದೆ, ಕಂಟ್ರೋಲ್ ಕಾರ್ಡಿನಿಂದ ಬರುವ ಎಮಿಷನ್ ಸಿಗ್ನಲ್ (ಲೇಸರ್ ಹೊರಬಿಡು ಅನ್ನುವ ಸಂಕೇತ) ಬೇರೆ ಪಿನ್ನಿಗೆ ಬರುತ್ತದೆ. ರಿಲೇಯ ಒಂದು ಕಾಂಟ್ಯಾಕ್ಟ್ ಮೊದಲನೆಯದಕ್ಕೆ, ಇನ್ನೊಂದು ಎರಡನೆಯದಕ್ಕೆ. ಒಂದು ಕೈಕೊಟ್ಟರೂ ಇನ್ನೊಂದು ನಿಲ್ಲಿಸುತ್ತದೆ. ಪಿನ್ ನಂಬರು ಕಂಪನಿಯಿಂದ ಕಂಪನಿಗೆ ಬೇರೆ. ಮ್ಯಾನ್ಯುಯಲ್ ಮುಂದಿಟ್ಟುಕೊಂಡೇ ಕನೆಕ್ಟರ್ ಬಿಚ್ಚಿ. ಸ್ಟಾಪ್ ಬಿಟ್ಟ ಮೇಲೆ ಮತ್ತೆ ರೆಡಿಯಾಗಲು ಎಷ್ಟು ಹೊತ್ತು ಅನ್ನುವುದನ್ನೂ ಅಲ್ಲೇ ನೋಡಿಕೊಳ್ಳಿ. ಹೊಸ ಸೋರ್ಸ್ ಕೊಳ್ಳುವವರಾದರೆ ಎರಡು ಚಾನೆಲ್ಲಿನ ಸೇಫ್ಟಿ ಇನ್‌ಪುಟ್ ಇರುವುದನ್ನೇ ಕೇಳಿ.

ತುರ್ತಿಗೆ ಒತ್ತುವ ಕೆಂಪು ಅಣಬೆ ಬಟನ್ ಡಬ್ಬದ ಮುಂದೆ, ಬಲಗೈಗೆ ಎಟಕುವ ಕಡೆ. ಅದು ಒತ್ತಿದರೆ ಸೋರ್ಸಿನ ಸಪ್ಲೈ ಪೂರ್ತಿ ಹೋಗಲಿ, ಅಲ್ಲಿ ಕಾಯುವುದಕ್ಕೆ ಬೇಜಾರಿಲ್ಲ. ಬಾಗಿಲು ಹಾಕಿದ ಕೂಡಲೇ ಲೇಸರ್ ತಾನಾಗಿ ಶುರುವಾಗಬಾರದು. ಪೆಡಲ್ ಒತ್ತಿದರೇ ಶುರು. ಪೆಡಲ್ಲಿಗೆ ಮೇಲೊಂದು ತಗಡಿನ ಮುಚ್ಚಿಗೆ ಇರಲಿ, ಜಾರಿದ ಚಪ್ಪಲಿ ಅದನ್ನು ಒತ್ತಬಾರದು. ಹಿಂಬದಿಯ ಸರ್ವಿಸ್ ಬಾಗಿಲಿಗೆ ಸ್ಪ್ಯಾನರ್ ಬೇಕಾಗುವ ಬೋಲ್ಟ್ ಹಾಕಿ, ಕೈಯಲ್ಲಿ ತಿರುಗುವ ಬಟರ್‌ಫ್ಲೈ ನಟ್ ಬೇಡ.

ಹೊಗೆ, ಬಿಸಿಲು, ಧೂಳು

ಡಬ್ಬ ಮುಚ್ಚಿದ ಮೇಲೆ ಹೊಗೆ ಒಳಗೇ ಉಳಿಯುತ್ತದೆ. ಬಾಗಿಲು ಎತ್ತಿದಾಗ ಒಮ್ಮೆಗೇ ಮುಖಕ್ಕೆ ಬರುತ್ತದೆ. ಸ್ಟೇನ್‌ಲೆಸ್ ಸ್ಟೀಲಿನ ಹೊಗೆಯಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತದೆ. ಹಿತ್ತಾಳೆ, ಜಿಂಕ್ ಲೇಪನದ ಹೊಗೆ ಜಾಸ್ತಿ ಕುಡಿದರೆ ಸಂಜೆಗೆ ಚಳಿ ಜ್ವರ ಬಂದಂತಾಗುತ್ತದೆ. ಹೀರುವ ಬಾಯಿ ಮಾಲಿನ ಪಕ್ಕದಲ್ಲೇ, ಒಂದು ಅಂಗೈ ದೂರದಲ್ಲಿ ಇರಲಿ. ಚಾವಣಿಯ ಎಕ್ಸಾಸ್ಟ್ ಫ್ಯಾನ್ ಸಾಲುವುದಿಲ್ಲ. ಪೈಪಿಗೆ ಡಬ್ಬದ ಹತ್ತಿರವೇ ಎರಡು ತಿರುವು ಕೊಡಿ, ಬೆಳಕು ಆ ದಾರಿಯಲ್ಲಿ ಹೊರಬೀಳಬಾರದು. ಗಾಳಿ ಒಳಬರುವ ಕಿಂಡಿಗೂ ಅಡ್ಡ ತಗಡು. ಫಿಲ್ಟರಿನಲ್ಲಿ ಮೊದಲು ಒರಟು ಪ್ಯಾಡು, ಆಮೇಲೆ ಸಣ್ಣ ಕಣ ಹಿಡಿಯುವ ಹೆಪಾ, ವಾಸನೆಗೆ ಇದ್ದಿಲಿನದು. ಪಿವಿಸಿ ರೆಕ್ಸಿನ್ ಪಟ್ಟಿ ಯಾವ ಲೇಸರಿನ ಕೆಳಗೂ ಇಡಬೇಡಿ. ಅದರಿಂದ ಬರುವ ಹೈಡ್ರೋಜನ್ ಕ್ಲೋರೈಡ್ ಎದೆಗೂ ಕೆಟ್ಟದ್ದು, ಮಷೀನಿಗೂ ತುಕ್ಕು.

ಗಾಳಿಯಲ್ಲಿ ತಣಿಯುವ ಸೋರ್ಸುಗಳಿಗೆ ಮ್ಯಾನ್ಯುಯಲ್‌ನಲ್ಲಿ ಸಾಮಾನ್ಯವಾಗಿ 40 ಡಿಗ್ರಿ ಮಿತಿ ಬರೆದಿರುತ್ತಾರೆ. ಬಳ್ಳಾರಿಯಲ್ಲಿ ಏಪ್ರಿಲ್, ಮೇನಲ್ಲಿ ತಗಡಿನ ಶೆಡ್ಡು ಅದನ್ನು ದಾಟಿಯೇ ದಾಟುತ್ತದೆ. ಆದ್ದರಿಂದ ಸೋರ್ಸನ್ನು ಡಬ್ಬದೊಳಗೆ ಮುಚ್ಚಬೇಡಿ. ಮೇಜಿನ ಕೆಳಗೆ, ಎರಡು ಕಡೆ ಗಾಳಿ ಆಡುವ ಬೇರೆ ಗೂಡಿನಲ್ಲಿಡಿ. ಕಿಂಡಿಗೆ ತೊಳೆಯಲು ಬರುವ ಜಾಲರಿ ಫಿಲ್ಟರ್ ಹಾಕಿ. ಸಂಡೂರು ಕಡೆಯ ಅದಿರು ಲಾರಿ ಓಡಾಡುವ ರಸ್ತೆ ಪಕ್ಕದ ಶೆಡ್ಡಾದರೆ ಆ ಜಾಲರಿ ಬೇಗ ಕೆಂಪಾಗುತ್ತದೆ. ಅದೇ ಧೂಳು ಲೆನ್ಸಿನ ಮೇಲೆ ಕೂತರೆ ಲೇಸರ್ ಅದನ್ನು ಅಲ್ಲೇ ಸುಟ್ಟು ಲೇಪನಕ್ಕೆ ಕಲೆ ಮಾಡುತ್ತದೆ. ಊದುವ ಬಲ್ಬು, ಲೆನ್ಸ್ ಟಿಶ್ಯೂ, ಐಸೋಪ್ರೊಪೈಲ್ ಆಲ್ಕೋಹಾಲ್ ಡಬ್ಬದ ಪಕ್ಕದಲ್ಲೇ ಇರಲಿ, ಬನಿಯನ್ ಚೂರು ಬೇಡ. ಡಬ್ಬಕ್ಕೊಂದು, ಬಾಗಿಲಿಗೊಂದು ಅರ್ಥ್ ವೈರು ಕೊಡಿ, ಎರಡೂ ಒಂದೇ ಅರ್ಥಿಂಗಿಗೆ ಸೇರಲಿ. ಚರ್ಮ ಹೊಡೆಯುವ ಕಡೆ ಬೆಂಕಿ ಹತ್ತುವುದುಂಟು, ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಇಡಿ. ಪುಡಿಯ ಸಿಲಿಂಡರ್ ಹೊಡೆದರೆ ಬೆಂಕಿ ಆರುತ್ತದೆ, ಲೆನ್ಸು ಗ್ಯಾಲ್ವೋ ಎರಡೂ ಹೋಗುತ್ತವೆ.

ಒಪ್ಪಿಸಿಕೊಳ್ಳುವಾಗ

ಡಬ್ಬ ಮಾಡಿಸಿದವರು ದುಡ್ಡು ಕೊಡುವ ಮೊದಲು 1064ರ ಲೇಸರ್ ಕನ್ನಡಕ ಹಾಕಿಕೊಂಡು ಮಾಡಬೇಕಾದ್ದು ಇಷ್ಟು. ಪವರ್ ಕಡಿಮೆ ಇಟ್ಟು ಹೊಡೆತ ಶುರು ಮಾಡಿ, ಬಾಗಿಲನ್ನು ನಿಧಾನ ಎತ್ತಿ. ಅಂಚಿನ ತುಟಿ ಚೌಕಟ್ಟು ಬಿಡುವ ಮೊದಲೇ ಲೇಸರ್ ನಿಂತಿರಬೇಕು. ಆಮೇಲೆ ಒಂದೊಂದೇ ಸ್ವಿಚ್ಚಿನ ವೈರು ಬಿಡಿಸಿ ನೋಡಿ, ಒಂದು ಬಿಟ್ಟರೂ ಓಡಬಾರದು. ಮೇನ್ ಸ್ವಿಚ್ ಆಫ್ ಮಾಡಿ ಆನ್ ಮಾಡಿ. ಪವರ್ ಕಟ್ ಆಗಿ ಕರೆಂಟ್ ವಾಪಸ್ ಬಂದಾಗ ತಾನಾಗಿ ಹೊಡೆಯಬಾರದು, ನಮ್ಮೂರಿಗೆ ಇದು ಮುಖ್ಯ. ಈ ಪರೀಕ್ಷೆಯನ್ನು ಪ್ರತಿ ಸೋಮವಾರ ಕೆಲಸ ಶುರುವಾಗುವಾಗ ಆಪರೇಟರ್ ಕೈಯಲ್ಲೇ ಮಾಡಿಸಿ, ನೋಟ್‌ಬುಕ್ಕಿನಲ್ಲಿ ಸಹಿ ಹಾಕಿಸಿ.

ಡಬ್ಬದ ಹೊರಗೆ ಹಳದಿ ಚೀಟಿ ಅಂಟಿಸಿ: ಒಳಗೆ 4ನೇ ಕ್ಲಾಸಿನ ಲೇಸರ್, 1064 ನ್ಯಾನೋಮೀಟರ್, ಎಷ್ಟು ವ್ಯಾಟ್. ಕನ್ನಡದಲ್ಲಿ ಒಂದು, ಮಷೀನ್ ಮುಂದೆ ಕೂರುವವರು ಓದುವುದು ತೆಲುಗೋ ಉರ್ದುವೋ ಆದರೆ ಅದರಲ್ಲೂ ಒಂದು. ಡಬ್ಬ ಎಷ್ಟೇ ಗಟ್ಟಿ ಇದ್ದರೂ ಪರೀಕ್ಷೆಯ ಕಾಗದ ಇಲ್ಲದೆ ‘ಕ್ಲಾಸ್ 1’ (ಮಾಮೂಲಿ ಬಳಕೆಯಲ್ಲಿ ಅಪಾಯವಿಲ್ಲದ್ದು) ಅಂತ ಬರೆಯಬೇಡಿ, ಆ ಹೆಸರಿಗೆ ಐಇಸಿ 60825-1ರ ಪ್ರಕಾರ ಅಳತೆ ಆಗಿರಬೇಕು. ಸರ್ವಿಸಿಗೆ ಬಂದವರು ಪ್ಯಾನೆಲ್ ಬಿಚ್ಚಿ ಲೇಸರ್ ಓಡಿಸುವಾಗ ಡಬ್ಬ ಇಲ್ಲದ ಹಾಗೇ ಲೆಕ್ಕ. ಆ ಹೊತ್ತು ಉಳಿದವರನ್ನೆಲ್ಲ ಹೊರಗೆ ಕಳಿಸಿ, ಕೋಣೆಯ ಬಾಗಿಲು ಹಾಕಿಸಿ.

ಫಿಲ್ಟರ್ ಬದಲಿಸುವಾಗ ಮಾಸ್ಕ್ ಹಾಕಿಕೊಳ್ಳಿ. ಹಳೆಯದನ್ನು ಕೊಡವದೆ ದಪ್ಪ ಕವರಿಗೆ ಹಾಕಿ ಬಾಯಿ ಕಟ್ಟಿ ಇಡಿ. ಶೆಡ್ಡಿನ ಹಿಂದೆ ಸುಡಬೇಡಿ. ಕ್ರೋಮಿಯಂ ಇರುವ ಕಸ, ತೆಗೆದುಕೊಂಡು ಹೋಗಲು ಲೈಸೆನ್ಸ್ ಇರುವವರಿಗೇ ಕೊಡಬೇಕು.